ನೀರಿಗೆ ದಾರಿ ಕೊಡು: ಬಾಲ್ಕನಿ, ಕಾರಿಡಾರು ಕಟ್ಟಿಸುವ ಮಗಳಿಗೆ ಅಪ್ಪನ ಕಿವಿಮಾತು

ಮಗಳೇ,

ಗುಬ್ಬಿಯ ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ ಆರು ಸಂಸಾರಗಳಿಗೆ ಬಾಡಿಗೆಗೆ ಕೊಡಬೇಕೆಂದು ನೀನೂ ಅಳಿಯಂದಿರೂ ತೀರ್ಮಾನ ಮಾಡಿದ್ದೀರಿ. ಒಳ್ಳೆಯದೇ ಆಯಿತು. ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ, ಊರಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ತುಮಕೂರಿಗೆ ರೈಲು ಇದೆ. ಮನೆ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ನೀನು ಕಳಿಸಿದ ನಕ್ಷೆ ನೋಡಿದೆ. ಮನೆಗೊಂದು ಬಾಲ್ಕನಿ, ಪ್ರತಿ ಅಂತಸ್ತಿನಲ್ಲೂ ಬಾಗಿಲುಗಳ ಮುಂದೆ ಉದ್ದಕ್ಕೆ ಒಂದು ಕಾರಿಡಾರು. ಇಂಥ ಕಟ್ಟಡದಲ್ಲಿ ಎಲ್ಲಕ್ಕಿಂತ ಮೊದಲು ಕೆಡುವ ಜಾಗಗಳು ಈ ಎರಡೇ. ಓವರ್‌ಸಿಯರ್ ಕೆಲಸದಲ್ಲಿ ತಲೆ ಬೆಳ್ಳಗಾದವನು ನಾನು. ಕಂಡದ್ದನ್ನೂ ಕಲಿತದ್ದನ್ನೂ ಪಟ್ಟಿ ಮಾಡಿದ್ದೇನೆ. ಎಲ್ಲದರ ತಿರುಳು ಒಂದೇ: ನೀರನ್ನು ತಡೆಯುವ ಮದ್ದು ಹುಡುಕುವ ಮುಂಚೆ ನೀರು ಹೊರಟುಹೋಗಲು ದಾರಿ ಮಾಡು.

ಮೊದಲು ತಿಳಿದಿರಬೇಕಾದ್ದು

• ಸೋರುವ ಬಾಲ್ಕನಿಯನ್ನು ಗೋಡೆಯ ಕಲೆ ಎಂದು ನೋಡಬೇಡ, ಕಂಬಿಯ ಕಾಯಿಲೆ ಎಂದು ನೋಡು. ಹೊಸ ಕಾಂಕ್ರೀಟು ಕ್ಷಾರಗುಣದ್ದು, ಆ ಕ್ಷಾರವೇ ಒಳಗಿನ ಕಂಬಿಗೆ ಕಾವಲು. ಬಿರುಕಿನಲ್ಲಿ ನೀರೂ ಗಾಳಿಯೂ ಇಳಿಯುತ್ತಾ ಹೋದಂತೆ ಆ ಕಾವಲು ಸಡಿಲವಾಗಿ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಆ ಒತ್ತಡಕ್ಕೆ ಕಾಂಕ್ರೀಟು ಸಿಡಿದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಬಿರುಕು ಅಗಲವಾದಷ್ಟೂ ಇನ್ನಷ್ಟು ನೀರು, ಇನ್ನಷ್ಟು ತುಕ್ಕು.

• ಒಳಗಿನ ಕೋಣೆಯ ಮೋಲ್ಡಿಗೂ ಹೊರಗೆ ಚಾಚಿದ ಬಾಲ್ಕನಿಗೂ ದೊಡ್ಡ ವ್ಯತ್ಯಾಸವಿದೆ. ಕೋಣೆಯ ಮೋಲ್ಡಿನಲ್ಲಿ ಭಾರ ಹೊರುವ ಮುಖ್ಯ ಕಂಬಿ ನಡುಭಾಗದಲ್ಲಿ ಅಡಿಯಲ್ಲಿರುತ್ತದೆ. ಒಂದು ಕಡೆ ಮಾತ್ರ ಹಿಡಿತವಿರುವ ಬಾಲ್ಕನಿಯಲ್ಲಿ ಮುಖ್ಯ ಕಂಬಿ ಮೇಲ್ಗಡೆ ಇರುತ್ತದೆ. ನೀರು ನಿಲ್ಲುವುದೂ ಮೇಲ್ಗಡೆಯೇ. ಟೈಲ್ಸ್ ಕೆಳಗೆ ನಿಂತ ನೀರು ಮೊದಲು ಮುಟ್ಟುವುದು ಇಡೀ ಬಾಲ್ಕನಿಯನ್ನು ಹಿಡಿದಿರುವ ಕಂಬಿಯನ್ನೇ. ಕೆಳಗಿನಿಂದ ನೋಡುವವನಿಗೆ ಇದ್ಯಾವುದೂ ಕಾಣುವುದಿಲ್ಲ.

• ಅಮೆರಿಕದಲ್ಲಿರುವ ನಮ್ಮ ಹುಡುಗರನ್ನು ಕೇಳು, ಅಲ್ಲಿನ ಕಾನೂನು ಹೇಳುತ್ತಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 2015ರ ಜೂನ್ 16ರಂದು ಒಂದು ಅಪಾರ್ಟ್‌ಮೆಂಟಿನ ಬಾಲ್ಕನಿ ಮುರಿದು 6 ಮಂದಿ ತರುಣ ತರುಣಿಯರು ಸತ್ತರು. ನೀರು ಹೊಕ್ಕು ಒಳಗಿನ ಮರದ ತೊಲೆಗಳು ಕೊಳೆತುಹೋಗಿದ್ದವು. ಆಮೇಲೆ 2018ರಲ್ಲಿ ಆ ರಾಜ್ಯ ಕಾನೂನು ತಂದಿತು. ಮೂರು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡದಲ್ಲಿ ಮರದ ಆಧಾರದ ಮೇಲಿರುವ ಬಾಲ್ಕನಿ, ಮೆಟ್ಟಿಲು, ಓಡಾಡುವ ಅಟ್ಟಣಿಗೆಗಳನ್ನು ಆರು ವರ್ಷಕ್ಕೊಮ್ಮೆ ತಜ್ಞರಿಂದ ತಪಾಸಣೆ ಮಾಡಿಸಲೇಬೇಕು. ನಮ್ಮದು ಕಾಂಕ್ರೀಟು, ಕೊಳೆಯುವುದಿಲ್ಲ ಎಂದು ಧೈರ್ಯ ತಾಳಬೇಡ. ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರಂದು ಕುಸಿದು 98 ಜನರನ್ನು ಬಲಿ ತೆಗೆದುಕೊಂಡ 12 ಅಂತಸ್ತಿನ ಕಟ್ಟಡ ಕಾಂಕ್ರೀಟಿನದೇ. ಅದರ ಈಜುಕೊಳದ ಅಂಗಳಕ್ಕೆ ವಾಟ (ನೀರು ಹರಿಯುವ ಇಳಿಜಾರು) ಇಲ್ಲ, ನೀರುತಡೆ ಪದರ ಕೆಟ್ಟಿದೆ, ಕೆಳಗಿನ ಕಾಂಕ್ರೀಟು ಹಾಳಾಗುತ್ತಿದೆ ಎಂದು ಒಬ್ಬ ಎಂಜಿನಿಯರ್ 2018ರಲ್ಲೇ ಬರೆದುಕೊಟ್ಟಿದ್ದರು. ರಿಪೇರಿ ಮುಂದಕ್ಕೆ ಹೋಗುತ್ತಲೇ ಇತ್ತು.

• ನಮ್ಮ ಹಳಬರು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದರು. ಶಿರಾ, ಪಾವಗಡ ಕಡೆಯ ಮಾಳಿಗೆ ಮನೆಗಳಿಗೆ ಮಳೆಗಾಲ ಹತ್ತಿರವಾದಾಗ ಕರಲು ಮಣ್ಣು ಹೊತ್ತು ಹಾಕುತ್ತಿದ್ದರು. ಮದ್ರಾಸ್ ತಾರಸಿಗೆ ಸುಣ್ಣ, ಇಟ್ಟಿಗೆ ಜಲ್ಲಿ ಹರಡಿ, ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸಿ, ದಿನಗಟ್ಟಲೆ ಬಡಿದು ಬಡಿದು ಗಟ್ಟಿ ಮಾಡುತ್ತಿದ್ದರು. ಸೂರಿಗೆ ಪ್ರತಿ ವರ್ಷ ಆರೈಕೆ ಬೇಕು ಎಂಬುದು ಆಗ ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಮೋಲ್ಡ್ ಬಂದ ಮೇಲೆ ಆ ರೂಢಿ ತಪ್ಪಿತು. ನಿನ್ನ ಕಟ್ಟಡದಲ್ಲಿ ಅದು ಮತ್ತೆ ಶುರುವಾಗಲಿ.

ನಕ್ಷೆ ಕಾಗದದ ಮೇಲಿರುವಾಗಲೇ

• ಬಾಲ್ಕನಿಯ ಮೋಲ್ಡ್ ಕೋಣೆಯ ಮೋಲ್ಡಿಗಿಂತ ಎರಡು ಮೂರು ಇಂಚು ತಗ್ಗಿನಲ್ಲಿರಲಿ. ವಾಟ, ನೀರುತಡೆ ಲೇಪ, ಟೈಲ್ಸ್ ಎಲ್ಲ ಕೂತ ಮೇಲೂ ಬಾಲ್ಕನಿಯ ನೆಲ ಕೋಣೆಯ ನೆಲಕ್ಕಿಂತ ತಗ್ಗಾಗಿಯೇ ಉಳಿಯಬೇಕು. ಎರಡನ್ನೂ ಒಂದೇ ಮಟ್ಟಕ್ಕೆ ಹಾಕಿ ಆಮೇಲೆ ಹೊಸ್ತಿಲಿಗೆ ಒಂದು ಕಲ್ಲುಪಟ್ಟಿ ಅಂಟಿಸಿದರೆ ಆ ಪಟ್ಟಿಯ ಅಡಿಯಿಂದಲೇ ನೀರು ಒಳಗೆ ಬರುತ್ತದೆ. ಕಾರಿಡಾರಿಗೂ ಇದೇ ಲೆಕ್ಕ.

• ನೀರು ಹೋಗುವ ಬಾಯಿ ಒಂದೇ ಇರಕೂಡದು. ಕಾರಿಡಾರಿಗೆ ನಾಲ್ಕು ಇಂಚಿನ ಪೈಪು ಕನಿಷ್ಠ ಎರಡು ಕಡೆ ಕೊಡಿಸು. ಬಾಲ್ಕನಿಗೆ ಮೂರು ಇಂಚಿನದು ಒಂದು, ಅದರ ಜತೆಗೆ ನೆಲಕ್ಕಿಂತ ಒಂದಿಷ್ಟು ಎತ್ತರದಲ್ಲಿ, ಹೊಸ್ತಿಲಿಗಿಂತ ತಗ್ಗಿನಲ್ಲಿ, ಹೊರಗೋಡೆಯಿಂದ ಮುಂದಕ್ಕೆ ಚಾಚಿದ ಚಿಕ್ಕ ದೋಣಿಯೊಂದು. ಮುಖ್ಯ ಬಾಯಿ ಕಟ್ಟಿಕೊಂಡ ದಿನ ದೋಣಿಯಿಂದ ನೀರು ಧಾರೆಯಾಗಿ ಬೀದಿಗೆ ಬೀಳುತ್ತದೆ. ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರಾದರೂ ಬಂದು ಹೇಳುತ್ತಾರೆ.

• ನಮ್ಮ ಕಡೆ ಕಾರಿಡಾರು ಮಳೆಯಿಲ್ಲದ ದಿನವೂ ನೆನೆಯುತ್ತದೆ. ಬೆಳಗಾದರೆ ಪ್ರತಿ ಮನೆಯವರೂ ಬಾಗಿಲಿಗೆ ನೀರು ಹಾಕಿ, ಗುಡಿಸಿ, ರಂಗೋಲಿ ಬಿಡುತ್ತಾರೆ. ಬಿಡಬೇಡಿ ಎನ್ನಲು ನಮಗೇನು ಹಕ್ಕು? ಆದ್ದರಿಂದ ಕಾರಿಡಾರನ್ನು ಓಡಾಡುವ ದಾರಿ ಎಂದು ಕಟ್ಟಿಸಬೇಡ, ಬಚ್ಚಲುಮನೆಯ ನೆಲಕ್ಕೆ ಕೊಡುವಷ್ಟೇ ನೀರುತಡೆ ಅದಕ್ಕೂ ಕೊಡಿಸು. ಪ್ರತಿ ಬಾಗಿಲಿನ ಮುಂದೆಯೂ ನೀರು ಮೆಟ್ಟಿಲ ಕಡೆಗೆ ಹರಿಯದೆ ಪೈಪಿನ ಕಡೆಗೆ ಹರಿಯುವಂತಿರಲಿ.

• ಕಂಬಿ ಕಟಕಟೆಯ ಕಾಲುಗಳನ್ನು ನೆಲಕ್ಕೆ ತೂತು ಹೊಡೆದು ನಿಲ್ಲಿಸಿದರೆ ಕಾಲಿಗೊಂದರಂತೆ ಸೋರುವ ಕಿಂಡಿ ಮಾಡಿದ ಹಾಗೆ. ಅಂಚಿನಲ್ಲಿ ನಾಲ್ಕೈದು ಇಂಚು ಎತ್ತರದ ಕಾಂಕ್ರೀಟು ಕಟ್ಟೆಯನ್ನು ಮೋಲ್ಡಿನ ಜತೆಯಲ್ಲೇ ಹಾಕಿಸಿ ಕಾಲುಗಳನ್ನು ಅದರ ಮೇಲೆ ಕೂರಿಸು. ಇಲ್ಲವಾದರೆ ಎಂಜಿನಿಯರ್ ಒಪ್ಪಿದ ಹಾಗೆ ಹೊರಮೈಗೆ ಪಕ್ಕದಿಂದ ಬಿಗಿಸು. ಎರಡರಲ್ಲಿ ಯಾವುದೇ ಆಗಲಿ, ಲೇಪ ಬಳಿಯುವ ಮೊದಲೇ ಮುಗಿದಿರಬೇಕು.

• ಬಾಲ್ಕನಿಯ ಅಡಿ ಅಂಚಿನಲ್ಲಿ, ಹೊರತುದಿಯಿಂದ ಒಂದೆರಡು ಇಂಚು ಒಳಗೆ, ಉದ್ದಕ್ಕೂ ಬೆರಳಗಲದ ಗೀರು ಬಿಡಿಸು. ಮೇಸ್ತ್ರಿಗಳು ಅದನ್ನು ಡ್ರಿಪ್ ಎನ್ನುತ್ತಾರೆ. ಅಂಚಿನಿಂದ ಇಳಿದ ನೀರು ಅಡಿಭಾಗಕ್ಕೆ ಅಂಟಿಕೊಂಡು ಗೋಡೆಯವರೆಗೆ ತೆವಳದೆ ಗೀರಿನಲ್ಲಿ ನಿಂತು ತೊಟ್ಟಿಕ್ಕುತ್ತದೆ. ಖರ್ಚು ಏನೂ ಇಲ್ಲ, ಸೆಂಟ್ರಿಂಗ್ ಮೇಲೆ ಒಂದು ಮರದ ಪಟ್ಟಿ ಇಟ್ಟರೆ ಮುಗಿಯಿತು. ಸಜ್ಜಗಳಿಗೂ ಹೀಗೇ ಮಾಡಿಸು.

• ವಾಷಿಂಗ್ ಮೆಷಿನ್, ಎ.ಸಿ. ಪೆಟ್ಟಿಗೆ, ಗೀಸರ್ ಪೈಪು ಎಲ್ಲೆಲ್ಲಿ ಬರುತ್ತದೆಂದು ಈಗಲೇ ಬರೆದಿಡು. ಮೋಲ್ಡಿನಲ್ಲಿ ಅವುಗಳಿಗೆ ಪೈಪಿನ ತೋಳು ಬಿಟ್ಟಿರಬೇಕು. ಮುಗಿದ ನೆಲವನ್ನು ಆಮೇಲೆ ಡ್ರಿಲ್ ಮಾಡುವ ಕೆಲಸ ಯಾರಿಗೂ ಬರಕೂಡದು.

ಮೋಲ್ಡ್ ಹಾಕುವ ದಿನ

• ಆ ದಿನ ಅಳಿಯಂದಿರಿಗೆ ರಜೆ ಹಾಕಲು ಹೇಳು. ಇಬ್ಬರಲ್ಲಿ ಒಬ್ಬರು ಬಾಲ್ಕನಿಯ ಹತ್ತಿರವೇ ನಿಂತಿರಬೇಕು. ಮೇಲಿನ ಕಂಬಿಯನ್ನು ಎತ್ತಿ ಹಿಡಿಯಲು ಕಬ್ಬಿಣದ ಕುರ್ಚಿಗಳನ್ನು ಇಟ್ಟಿರುತ್ತಾರೆ. ಕಾಂಕ್ರೀಟು ಸುರಿಯುವವರು ಅವಸರದಲ್ಲಿ ಅದೇ ಕಂಬಿ ತುಳಿದುಕೊಂಡು ಓಡಾಡಿದರೆ ಕುರ್ಚಿ ಮಗುಚಿ ಕಂಬಿ ಅಡಿಗೆ ಇಳಿಯುತ್ತದೆ. ಅಡಿಗೆ ಇಳಿದ ಕಂಬಿ ಆ ಬಾಲ್ಕನಿಗೆ ಇದ್ದೂ ಇಲ್ಲದ ಹಾಗೆ. ಓಡಾಡಲು ಹಲಗೆ ಹಾಕಿಸು.

• ಮೇಲಿನ ಕಂಬಿ ಒಳಗಿನ ಮೋಲ್ಡಿಗೆ ಎಷ್ಟು ದೂರ ಹೋಗಬೇಕು ಎಂಬುದು ಎಂಜಿನಿಯರ್ ನಕ್ಷೆಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಹೊರಗೆ ಚಾಚಿದ ಉದ್ದದ ಒಂದೂವರೆಯಷ್ಟು. ಕಂಬಿ ಕಟ್ಟಿ ಮುಗಿದ ಮೇಲೆ ಟೇಪು ಹಿಡಿದು ನೀನೇ ಅಳೆ.

• ಕವರ್ ಬ್ಲಾಕ್ ಇಡದೆ ಜಲ್ಲಿ ಚೂರು, ಟೈಲ್ಸ್ ಚೂರು ತುರುಕುವುದಕ್ಕೆ ಬಿಡಬೇಡ. ಭಾರತೀಯ ಮಾನಕ 456ರ ಪ್ರಕಾರ ಮಳೆ-ಬಿಸಿಲಿಗೆ ಸಾಧಾರಣವಾಗಿ ಒಡ್ಡಿಕೊಂಡ ಕಾಂಕ್ರೀಟಿನಲ್ಲಿ ಕಂಬಿಯ ಮೇಲೆ 30 ಮಿ.ಮೀ. ಹೊದಿಕೆ ಬೇಕು. ಒಳಗಿನ ಕೋಣೆಗೆ 20 ಸಾಕಾದರೂ ಹೊರಗಿನದಕ್ಕೆ ಸಾಲದು. ಆ ಹೊದಿಕೆಯ ದಪ್ಪವೇ ನೀರಿಗೂ ಕಂಬಿಗೂ ನಡುವಿನ ದೂರ.

• ಕಾಂಕ್ರೀಟು ಸಲೀಸಾಗಿ ಹರಿಯಲಿ ಎಂದು ನೀರು ಸುರಿಯುತ್ತಾರೆ. ಹೆಚ್ಚಾದ ನೀರು ಆಮೇಲೆ ಆರಿಹೋಗಿ ಕಣ್ಣಿಗೆ ಕಾಣದ ಸಾವಿರ ರಂಧ್ರ ಬಿಡುತ್ತದೆ. 50 ಕೆ.ಜಿ. ಸಿಮೆಂಟು ಚೀಲಕ್ಕೆ 25 ಲೀಟರು ನೀರು, ಅದರಲ್ಲಿ ಒದ್ದೆ ಎಂ-ಸ್ಯಾಂಡಿನಲ್ಲಿರುವ ನೀರೂ ಸೇರಿತು. ಗುರುತು ಹಾಕಿದ ಬಕೆಟು ಇಡಿಸು. ವೈಬ್ರೇಟರ್ ಮೂಲೆಮೂಲೆಗೂ ಹೋಗಲಿ. ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನಂತೆ ಕಂಡರೆ ಗಾರೆ ಮೆತ್ತಿ ಮುಚ್ಚುವ ಮೊದಲು ಎಂಜಿನಿಯರಿಗೆ ತೋರಿಸು.

• ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಬಳಸಬೇಡ. ಕಂಬಿ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ದಾಟಬಾರದು ಎಂದು ಅದೇ ಮಾನಕ ಹೇಳುತ್ತದೆ. ದಾಟಿದರೆ ಹೊರಗಿನ ನೀರು ಬರುವ ಮೊದಲೇ ಒಳಗಿನಿಂದ ತುಕ್ಕಿಗೆ ಅಡಿಪಾಯ ಬೀಳುತ್ತದೆ.

• ನಮ್ಮ ಬೇಸಿಗೆ ಒಣ ಬೇಸಿಗೆ. ಮಾಮೂಲಿ ಸಿಮೆಂಟಾದರೆ 10 ದಿನ, ಹಾರುಬೂದಿ ಬೆರೆತ ಪಿ.ಪಿ.ಸಿ. ಆದರೆ 14 ದಿನ ಮೋಲ್ಡ್ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಬಾಲ್ಕನಿಯ ಅಂಚು, ಕಟ್ಟೆಗಳ ಮೇಲೆ ನೀರು ನಿಲ್ಲುವುದಿಲ್ಲ, ಅಲ್ಲಿಗೆ ಗೋಣಿಚೀಲ ಹೊದಿಸಿ ನೆನೆಸು. ಬಾಲ್ಕನಿಯ ಆಧಾರಗಳನ್ನು ಎಂಜಿನಿಯರ್ ಹೇಳುವವರೆಗೆ ಮುಟ್ಟಬಾರದು. ತೆಗೆಯುವಾಗ ಹೊರತುದಿಯಿಂದ ಗೋಡೆಯ ಕಡೆಗೆ ತೆಗೆಯುತ್ತಾ ಬರಬೇಕು, ತಿರುಗುಮುರುಗಾಗಿ ಅಲ್ಲ.

ನೀರುತಡೆ ಕೆಲಸ ಮಾಡಿಸುವಾಗ

• ಕಾಲ ನೋಡಿ ಕೈ ಹಾಕು. ಶಿವರಾತ್ರಿಯಿಂದ ಯುಗಾದಿಯ ಆಸುಪಾಸು ನಮ್ಮೂರಿಗೆ ಹೇಳಿ ಮಾಡಿಸಿದ ಕಾಲ. ಏಪ್ರಿಲ್ ಕೊನೆಗೆ ಭರಣಿ ಮಳೆ ಹೊಕ್ಕಿತೆಂದರೆ ಗುಡುಗು, ಆಲಿಕಲ್ಲು ಯಾವ ಸಂಜೆ ಬರುತ್ತದೋ ಹೇಳಲಾಗದು. ಬಳಿಯುವುದು ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ. ನೆತ್ತಿ ಮೇಲಿನ ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಬಳಿದ ಲೇಪ ಹಿಡಿತ ಸಿಗುವ ಮೊದಲೇ ಒಣಗುತ್ತದೆ.

• ನೆಲ ಒಳಗಿನಿಂದ ಒಣಗಿದೆಯೇ ಎಂದು ನೋಡಲು ಸುಲಭದ ಉಪಾಯ ಒಂದಿದೆ. ಒಂದು ಗಜದಷ್ಟು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ರಾತ್ರಿ ಅಂಟಿಸು. ಬೆಳಗ್ಗೆ ಹಾಳೆಯ ಅಡಿಯಲ್ಲಿ ಹನಿ ಕೂಡಿದ್ದರೆ ಇನ್ನೂ ಒದ್ದೆಯಿದೆ. ಒಣಗಿದ ನೆಲವನ್ನೇ ಕೇಳುವ ಪಾಲಿಯುರೆಥೇನ್‌ನಂಥ ಲೇಪವನ್ನು ಆಗ ಬಳಿಯಬಾರದು. ಸಿಮೆಂಟು ಆಧಾರಿತ ಲೇಪಕ್ಕೆ ಮಾತ್ರ ನೆಲವನ್ನು ತುಸು ತೇವ ಮಾಡಿಕೊಳ್ಳುತ್ತಾರೆ, ಅದರ ಮೇಲೂ ನೀರು ನಿಂತಿರಬಾರದು.

• ವಾಟ ಮೊದಲು, ಲೇಪ ಆಮೇಲೆ. ಇದನ್ನು ಮಾತ್ರ ಯಾರು ಏನೇ ಹೇಳಿದರೂ ಬಿಟ್ಟುಕೊಡಬೇಡ. ಮಟ್ಟಸವಾದ ಮೋಲ್ಡಿಗೆ ಲೇಪ ಬಳಿದು ಟೈಲ್ಸ್ ಹಾಕುವಾಗ ವಾಟ ಕೊಟ್ಟರೆ, ಟೈಲ್ಸ್ ಸಂದಿಯಲ್ಲಿ ಇಳಿದ ನೀರು ಲೇಪದ ಮೇಲೆ ಹೋಗಲು ದಾರಿಯಿಲ್ಲದೆ ವರ್ಷವಿಡೀ ನಿಂತಿರುತ್ತದೆ. ನಿನಗೆ ಅಡಿಕೆ ತೋಟ ಗೊತ್ತು. ಬಸಿಗಾಲುವೆಯಿಲ್ಲದ ತೋಟಕ್ಕೆ ಎಷ್ಟು ಗೊಬ್ಬರ ಸುರಿದರೂ ಬೇರು ಕೊಳೆಯುವುದು ತಪ್ಪುವುದಿಲ್ಲ, ಇದೂ ಹಾಗೆಯೇ. ಒಂದು ಮೀಟರಿಗೆ ಕನಿಷ್ಠ 10 ಮಿ.ಮೀ. ಇಳಿಜಾರು ಬೇಕು. ನಾಲ್ಕಡಿ ಬಾಲ್ಕನಿಗೆ 15 ಮಿ.ಮೀ. ಕೊಟ್ಟರೆ ನಿಶ್ಚಿಂತೆ. ಕಣ್ಣಳತೆಗೆ ಬಿಡದೆ ಟ್ಯೂಬ್ ಲೆವೆಲ್ ಹಿಡಿಸಿ ಗೋಡೆ ಮೇಲೆ ಗುರುತು ಹಾಕಿಸು.

• ನೆಲವೂ ಗೋಡೆಯೂ ಕೂಡುವ ಮೂಲೆ ಚೂಪಾಗಿರಬಾರದು, ಅಲ್ಲಿ ಲೇಪ ಹರಿದುಹೋಗುತ್ತದೆ. ಮೂಲೆಗುಂಟ ಗಾರೆಯನ್ನು ಗುಂಡಗೆ ಕೊಡಿಸಿ, ಅದರ ಮೇಲೆ ಫೈಬರ್ ಬಲೆ ಇಟ್ಟು ಲೇಪ ಬಳಿಸು. ಲೇಪ ನೆಲಕ್ಕೇ ನಿಲ್ಲದೆ ಗೋಡೆಯ ಮೇಲೆ ಆರು ಇಂಚು ಹತ್ತಲಿ, ತೆರೆದ ತಾರಸಿಯಲ್ಲಿ ಒಂದು ಅಡಿ ಹತ್ತಿದರೆ ಇನ್ನೂ ಒಳ್ಳೆಯದು. ಬಾಗಿಲಿನ ಹೊಸ್ತಿಲ ಕಲ್ಲು ಕೂರಿಸುವ ಮೊದಲೇ ಅದರ ಅಡಿಗೂ ಹೋಗಿರಲಿ.

• ಪೈಪು ಮೋಲ್ಡನ್ನು ದಾಟುವ ಜಾಗಗಳಲ್ಲಿ ಸುತ್ತಲೂ ಸಡಿಲ ಗಾರೆ ಕೆತ್ತಿ, ಕುಗ್ಗದ ಗ್ರೌಟ್ ತುಂಬಿಸಿ, ಲೇಪವನ್ನು ಪೈಪಿನ ಬಾಯಿಯೊಳಕ್ಕೆ ಎರಡು ಇಂಚು ಇಳಿಸು. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಬಯಲಿನಲ್ಲಿ ಇರಲಿಲ್ಲ. ಪೈಪಿನ ಸುತ್ತ, ಗೋಡೆಯ ಮೂಲೆ, ಹೊಸ್ತಿಲು, ಕಟಕಟೆಯ ಕಾಲು, ಈ ನಾಲ್ಕು ಕಡೆಯೇ ಇದ್ದವು.

• ಯಾವ ಲೇಪ ಎಂದು ಕೇಳುತ್ತೀಯ. ಟೈಲ್ಸ್ ಅಡಿಗೆ ಬರುವ ಬಾಲ್ಕನಿ, ಕಾರಿಡಾರಿಗೆ ಪಾಲಿಮರ್ ಬೆರೆತ ಎರಡು ಭಾಗದ ಸಿಮೆಂಟು ಲೇಪ ಒಗ್ಗುತ್ತದೆ, ಟೈಲ್ಸ್ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಬಿಸಿಲಿಗೆ ತೆರೆದೇ ಇರುವ ತಾರಸಿಗೆ ಹಿಗ್ಗಿ ಕುಗ್ಗಬಲ್ಲ ಪಾಲಿಯುರೆಥೇನ್ ಲೇಪ ಒಳ್ಳೆಯದು. ಯಾವುದಾದರೂ ಸರಿ, ಎರಡು ಕೋಟು ಕಡ್ಡಾಯ. ಮೊದಲನೆಯದು ಉದ್ದಕ್ಕೆ ಬಳಿದರೆ ಎರಡನೆಯದು ಅಡ್ಡಕ್ಕೆ. ಒಂದು ಡಬ್ಬಿ ಎಷ್ಟು ಚದರಡಿಗೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಖಾಲಿ ಡಬ್ಬಿಗಳನ್ನು ಎಸೆಯಬೇಡಿ ಎಂದು ಹೇಳಿ, ಸಂಜೆ ಎಣಿಸು. ಡಬ್ಬಿ ಕಡಿಮೆಯಿದ್ದರೆ ಲೇಪ ತೆಳುವಾಗಿದೆ ಎಂದೇ ಅರ್ಥ.

• ಟೈಲ್ಸ್ ಹಾಕುವ ಮುಂಚೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿಸು. ಪೈಪಿನ ಬಾಯಿಗೆ ಬಿರಡೆ ಹಾಕಿ, ಹೊಸ್ತಿಲ ಮಟ್ಟ ದಾಟದಂತೆ ಎರಡು ಇಂಚು ನೀರು ಕಟ್ಟಿ, 48 ಗಂಟೆ ಬಿಡು. ಕೆಳಗಿನ ಅಂತಸ್ತಿನಲ್ಲಿ ಟಾರ್ಚು ಹಿಡಿದು ಅಡಿಭಾಗ, ಗೋಡೆ, ಪೈಪಿನ ಸುತ್ತ ನೋಡು. ಎರಡು ಇಂಚು ನೀರೆಂದರೆ ಚದರ ಮೀಟರಿಗೆ 50 ಕೆ.ಜಿ. ಭಾರ, ಕ್ರಮವಾಗಿ ಕಟ್ಟಿದ ಬಾಲ್ಕನಿ ಅದನ್ನು ಸುಲಭವಾಗಿ ಹೊರುತ್ತದೆ. ಬೇಸಿಗೆಯಲ್ಲಿ ನೀರು ದಂಡವಾಗುತ್ತದೆಂದು ಬಿಡಬೇಡ, ಪರೀಕ್ಷೆ ಮುಗಿದ ಮೇಲೆ ಒಂದು ಬಾಲ್ಕನಿಯ ನೀರನ್ನು ಇನ್ನೊಂದಕ್ಕೆ ಹಾಯಿಸು.

• ಟೈಲ್ಸ್ ನೀರು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಟೈಲ್ಸ್ ತಡೆಯುತ್ತದೆ, ಅದರ ಸಂದಿ ತಡೆಯುವುದಿಲ್ಲ. ಒಣ ಸಿಮೆಂಟು-ಮರಳು ಹರಡಿ ಕೂರಿಸಿದರೆ ಆ ಪದರವೇ ನೀರು ಕುಡಿದು ಕೂರುತ್ತದೆ. ಅಂಟಿನಲ್ಲಿ ಕೂರಿಸಿ, 3 ಮಿ.ಮೀ. ಸಂದಿ ಬಿಟ್ಟು, ಎಪಾಕ್ಸಿ ಗ್ರೌಟ್ ತುಂಬಿಸು. ಕಾರಿಡಾರಿಗೆ ಜಾರದ ಒರಟು ಟೈಲ್ಸ್ ಇರಲಿ, ವಯಸ್ಸಾದವರೂ ಮಕ್ಕಳೂ ಓಡಾಡುವ ಜಾಗ.

ಸಂಸಾರಗಳು ಬಂದು ನೆಲೆಸಿದ ಮೇಲೆ

• ಬಾಲ್ಕನಿ ಎಷ್ಟು ಹೊರಬಲ್ಲದು ಎಂಬುದನ್ನು ಬಾಡಿಗೆಯವರಿಗೆ ಮೊದಲ ದಿನವೇ ಬಾಯಿಬಿಟ್ಟು ಹೇಳು. ಭಾರತೀಯ ಮಾನಕ 875ರ ಲೆಕ್ಕದಲ್ಲಿ ಮನೆಯ ಬಾಲ್ಕನಿಯನ್ನು ಚದರ ಮೀಟರಿಗೆ ಸುಮಾರು 300 ಕೆ.ಜಿ. ಭಾರಕ್ಕೆ ವಿನ್ಯಾಸ ಮಾಡುತ್ತಾರೆ. 500 ಲೀಟರಿನ ಟ್ಯಾಂಕು ತುಂಬಿದರೆ 500 ಕೆ.ಜಿ., ಅದೂ ಒಂದೇ ಕಡೆ. ನೀರಿನ ಡ್ರಮ್ಮು, ಅಕ್ಕಿ-ರಾಗಿ ಮೂಟೆಗಳ ಸಾಲು ಬಾಲ್ಕನಿಯಲ್ಲಿ ಬೇಡ.

• ಜಾಗ ಸಾಲದೆಂದು ಬಾಲ್ಕನಿಗೆ ಗೋಡೆ ಎಬ್ಬಿಸಿ ಅಡುಗೆಮನೆ ಮಾಡಿಕೊಳ್ಳುವುದು ಎಲ್ಲ ಊರಲ್ಲೂ ಇದೆ. ಹೊರತುದಿಯಲ್ಲಿ ಲೆಕ್ಕ ಹಿಡಿದಿರುವುದು ಉದ್ದದ ಮೀಟರಿಗೆ 150 ಕೆ.ಜಿ. ನಾಲ್ಕು ಇಂಚಿನ ಇಟ್ಟಿಗೆ ಗೋಡೆ ಹತ್ತಡಿ ಎತ್ತರ ಎದ್ದರೆ ಮೀಟರಿಗೆ 500 ಕೆ.ಜಿ. ದಾಟುತ್ತದೆ. ಯಾರು ಎಷ್ಟೇ ಕೇಳಿಕೊಂಡರೂ ಒಪ್ಪಬೇಡ ತಾಯಿ.

• ತುಳಸಿ, ಮಲ್ಲಿಗೆ, ದಾಸವಾಳ ಬೆಳೆಸುವವರನ್ನು ತಡೆಯಬೇಡ. ಕುಂಡದ ಅಡಿಗೆ ತಟ್ಟೆ, ತಟ್ಟೆಯ ಅಡಿಗೆ ಗಾಳಿಯಾಡುವಂತೆ ಮೂರು ಕಾಲಿನ ಸ್ಟ್ಯಾಂಡು ಇರಲಿ. ಕುಂಡಗಳು ಹೊರ ಅಂಚಿಗಲ್ಲ, ಗೋಡೆಯ ಬದಿಗೆ. ನೀರು ಹೋಗುವ ಬಾಯಿಯ ಹತ್ತಿರ ಒಂದೂ ಬೇಡ, ಮಣ್ಣು ಕೊಚ್ಚಿಬಂದು ಕಟ್ಟಿಕೊಳ್ಳುತ್ತದೆ.

• ಅಡಿಕೆ, ಹುಣಸೆಹಣ್ಣು, ರಾಗಿ, ಹಪ್ಪಳ ಒಣಹಾಕುವುದು ತಾರಸಿಯ ಮೇಲೇ. ಟಾರ್ಪಾಲು ಹಾಸಿ ಒಣಹಾಕಲಿ, ಹರವಲು ಕಬ್ಬಿಣದ ಸಲಕರಣೆ ಬೇಡ, ಮರದ್ದು ಸಾಕು. ಎತ್ತಿದ ಮೇಲೆ ಸಿಪ್ಪೆ, ಹೊಟ್ಟು ಗುಡಿಸಿ ಕೆಳಗೆ ತರಬೇಕು. ಮೊದಲ ಮಳೆಗೆ ಪೈಪು ಕಟ್ಟಿಸುವುದು ಈ ಹೊಟ್ಟೇ.

• ಬಿರುಕಿನಲ್ಲಿ ಅರಳಿ, ಆಲ, ಅತ್ತಿಯ ಸಸಿ ಎರಡೆಲೆ ಇಡುತ್ತಿದ್ದಂತೆ ಬೇರುಸಹಿತ ತೆಗೆಸು. ಅರಳಿ ಕೀಳಲು ಮನಸ್ಸು ಬಾರದಿದ್ದರೆ ಕೆರೆ ಏರಿಯ ಕಡೆ ಜಾಗ ನೋಡಿ ನೆಡಿಸು, ಪುಣ್ಯವೂ ಬಂತು. ಕಟ್ಟಡದಲ್ಲಿ ಬಿಟ್ಟರೆ ಬೇರು ಕೂದಲೆಳೆಯ ಬಿರುಕನ್ನು ಕೈ ತೂರುವಷ್ಟು ಮಾಡುತ್ತದೆ.

• ಸೋಲಾರ್ ಸ್ಟ್ಯಾಂಡು, ಡಿಶ್, ಇಂಟರ್‌ನೆಟ್ ಕಂಬ ಹಾಕಲು ಬರುವವರು ಡ್ರಿಲ್ ಹಿಡಿದೇ ಬರುತ್ತಾರೆ. ಮೇಲೆ ಹತ್ತುವ ಮುಂಚೆ ನಿನ್ನನ್ನು ಕೇಳಬೇಕೆಂಬ ಕಟ್ಟುಪಾಡು ಮಾಡು. ಸ್ಟ್ಯಾಂಡುಗಳಿಗೆ ಲೇಪದ ಮೇಲೆ ಕೂರುವ ಕಾಂಕ್ರೀಟು ದಿಮ್ಮಿ ಮಾಡಿಸಿಟ್ಟಿರು.

• ವರ್ಷಕ್ಕೆ ಮೂರು ಸಲ ಮೈಯೆಲ್ಲ ಕಣ್ಣಾಗಿ ನೋಡು. ಭರಣಿಗೆ ಮುಂಚೆ ಪೈಪಿನ ಬಾಯಿ, ಜಾಲರಿ, ಗ್ರೌಟ್, ಕಟಕಟೆಯ ಬುಡ. ಸೆಪ್ಟೆಂಬರಿನಲ್ಲಿ ಉತ್ತರೆ ಮಳೆ ಜೋರಾಗಿ ಸುರಿಯುವಾಗ ಕೊಡೆ ಹಿಡಿದು ಪ್ರತಿ ಕಾರಿಡಾರಿಗೂ ಹೋಗು, ನೀರು ಎಲ್ಲಿ ನಿಲ್ಲುತ್ತದೆಂದು ಮಳೆಯೇ ತೋರಿಸುತ್ತದೆ. ನಮ್ಮ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರಿನದು, ಉತ್ತರೆಯಿಂದ ಚಿತ್ತೆಯವರೆಗೆ. ಸ್ವಾತಿ ಕಳೆದ ಮೇಲೆ ಪ್ರತಿ ಮನೆಯ ಸೂರು ನೋಡಿ ಫೋಟೊ ತೆಗೆದು ತಾರೀಖು ಬರೆದಿಡು. ಹೋದ ವರ್ಷದ ಬಿರುಕು ಬೆಳೆದಿದೆಯೋ ಇಲ್ಲವೋ ಎಂಬುದಕ್ಕೆ ಅದೇ ಸಾಕ್ಷಿ.

ಸೋರಲು ಶುರುವಾದರೆ

• ಕೆಳಗಿನ ಮನೆಯವರು ಬಂದು ಹೇಳಿದ ದಿನವೇ ಹೋಗಿ ನೋಡು. ನಾಲ್ಕು ಗುರುತು ಹುಡುಕು: ಕಂಬಿಯ ಜಾಡು ಹಿಡಿದು ನೇರಕ್ಕೆ ಓಡುವ ಬಿರುಕು, ಕಂದು ಕಲೆ, ಉಪ್ಪಿನಂಥ ಬಿಳಿ ಪುಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು. ಬಿಳಿ ಪುಡಿ ಎಂದರೆ ನೀರು ಕಾಂಕ್ರೀಟಿನೊಳಗೆ ದಾಟಿ ಬರುತ್ತಿದೆ. ಕಂದು ಕಲೆ ಎಂದರೆ ಕಂಬಿಯನ್ನು ಮುಟ್ಟಿ ಬರುತ್ತಿದೆ.

• ಪುಟ್ಟಿ ಹಚ್ಚಿ ಬಣ್ಣ ಬಳಿಯುವುದು ರಿಪೇರಿಯಲ್ಲ. ಮೇಲಿನಿಂದ ನೀರು ಇಳಿಯುತ್ತಲೇ ಇರುತ್ತದೆ, ಕೆಳಗಡೆ ಬಾಯಿ ಮುಚ್ಚಿದ್ದರಿಂದ ಒಳಗೇ ಉಳಿಯುತ್ತದೆ, ಗುರುತೂ ಅಳಿಸಿಹೋಗುತ್ತದೆ. ಮೇಲಿನಿಂದಲೇ ಸರಿ ಮಾಡಬೇಕು. ಮೊದಲು ನೀರು ಮಳೆಯದೋ ನಲ್ಲಿಯದೋ ತಿಳಿದುಕೊ. ಮಳೆಯಿಲ್ಲದ ತಿಂಗಳಲ್ಲೂ ಸೋರಿದರೆ ಪೈಪು ಅಥವಾ ಬಚ್ಚಲು ನೋಡಿಸು. ಒಂದೊಂದು ಜಾಗಕ್ಕೆ ಬೇರೆಬೇರೆ ದಿನ ನೀರು ಬಿಟ್ಟು ನೋಡಿದರೆ ಮೂಲ ಸಿಕ್ಕುತ್ತದೆ.

• ಉದುರಿದ ಕಡೆ ಗಾರೆ ಮೆತ್ತಿ ಮುಚ್ಚಲು ಬಿಡಬೇಡ. ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂಭಾಗದವರೆಗೆ ಕೆತ್ತಿ, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ತುಕ್ಕುತಡೆ ಲೇಪ ಹಚ್ಚಿ, ಸವೆದ ಕಂಬಿಗೆ ಜತೆ ಕಂಬಿ ಕೊಟ್ಟು, ಪಾಲಿಮರ್ ಗಾರೆ ತುಂಬಬೇಕು. ಆಧಾರ ಕೊಡದೆ ಕೆತ್ತಲು ಶುರು ಮಾಡಬಾರದು.

• ಬಾಲ್ಕನಿಯ ಮೇಲ್ಮೈಯಲ್ಲಿ, ಅದು ಗೋಡೆಗೆ ಸೇರುವ ಗೆರೆಗುಂಟ ಬಿರುಕು ಕಂಡರೆ, ಅಥವಾ ಹೊರತುದಿ ಬಗ್ಗಿದ ಹಾಗೆ ಅನ್ನಿಸಿದರೆ, ಬೇರೆ ಯೋಚನೆಯೇ ಬೇಡ. ಅಂದೇ ಬಾಲ್ಕನಿ ಖಾಲಿ ಮಾಡಿಸಿ, ಬಾಗಿಲಿಗೆ ಬೀಗ ಹಾಕಿ, ಕೆಳಗೆ ಯಾರೂ ನಿಲ್ಲದಂತೆ ಹಗ್ಗ ಕಟ್ಟಿ, ಆಧಾರ ಕೊಡಿಸಿ, ಕಟ್ಟಡ ವಿನ್ಯಾಸ ಬಲ್ಲ ಎಂಜಿನಿಯರನ್ನು ಕರೆಸು. ಯಾರನ್ನು ಕೇಳುವುದು ತಿಳಿಯದಿದ್ದರೆ ಗುಬ್ಬಿಯ ಚನ್ನಬಸವೇಶ್ವರ ಕಾಲೇಜು, ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜುಗಳಲ್ಲಿ ಸಿವಿಲ್ ಮೇಷ್ಟ್ರುಗಳಿದ್ದಾರೆ, ಹೋಗಿ ವಿಚಾರಿಸು.

• ಹಳೆಯ ಪದರದ ಮೇಲೆ ಹೊಸ ಪದರ ಹೇರಬೇಡ. ನಾಲ್ಕು ಇಂಚಿನ ಇಟ್ಟಿಗೆ ಜಲ್ಲಿ ಗಾರೆ ಚದರ ಮೀಟರಿಗೆ 200 ಕೆ.ಜಿ. ಹತ್ತಿರ ತೂಗುತ್ತದೆ. ಹಳೆಯದನ್ನು ಕಿತ್ತು ಕೆಳಗಿಳಿಸಿದ ಮೇಲೆಯೇ ಹೊಸದು. ಸೋರಿಕೆ ನಿಲ್ಲಿಸಲು ಹೋಗಿ ಭಾರ ಹೆಚ್ಚಿಸಿದರೆ ಕಂಬಿಗೆ ಎರಡೂ ಕಡೆಯ ಹೊಡೆತ.

ಕಾಗದ, ದುಡ್ಡು, ಮಾತು

• ನೀರುತಡೆ ಕೆಲಸದವರೊಂದಿಗೆ ಚದರಡಿ ದರ ಮಾತ್ರ ಮಾತಾಡಿ ಮುಗಿಸಬೇಡ. ಯಾವ ವಸ್ತು, ಎಷ್ಟು ಕೋಟು, ಗೋಡೆ ಮೇಲೆ ಎಷ್ಟು ಎತ್ತರ, ನೀರು ನಿಲ್ಲಿಸಿ ಪರೀಕ್ಷೆ, ಎಷ್ಟು ವರ್ಷದ ಖಾತರಿ, ಎಲ್ಲ ಬರಹದಲ್ಲಿರಲಿ. ಒಂದು ಪಾಲು ಹಣವನ್ನು ಸ್ವಾತಿ ಮಳೆ ಕಳೆದ ಮೇಲೆ ಕೊಡುವುದಾಗಿ ಮೊದಲೇ ಒಪ್ಪಿಸು. ಒಳ್ಳೆ ಕೆಲಸಗಾರ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಬೇಡ.

• ಬಾಡಿಗೆ ಅಥವಾ ಭೋಗ್ಯದ ಪತ್ರದಲ್ಲಿ ಎರಡು ಸಾಲು ಸೇರಿಸು: ಬಾಲ್ಕನಿಯಲ್ಲಿ ಡ್ರಿಲ್ ಮಾಡುವಂತಿಲ್ಲ, ಗೋಡೆ ಕಟ್ಟುವಂತಿಲ್ಲ, ಸೋರಿಕೆ ಕಂಡರೆ ತಿಳಿಸತಕ್ಕದ್ದು, ತಿಳಿಸಿದರೆ ಮಾಲೀಕರು ನೋಡತಕ್ಕದ್ದು. ಹೇಳಿದರೆ ಖರ್ಚು ನಮ್ಮ ತಲೆಗೆ ಬರುತ್ತದೆಂಬ ಹೆದರಿಕೆಗೆ ಎಷ್ಟೋ ಬಾಡಿಗೆಯವರು ಸುಮ್ಮನಿರುತ್ತಾರೆ. ಆ ಹೆದರಿಕೆ ನಿನ್ನ ಕಟ್ಟಡದಲ್ಲಿ ಇರಬಾರದು.

• ನಿನ್ನ ತಮ್ಮ ತುಮಕೂರಿನಲ್ಲಿ ಫ್ಲ್ಯಾಟು ನೋಡುತ್ತಿದ್ದಾನಲ್ಲ, ಅವನಿಗೂ ಇದನ್ನು ತೋರಿಸು. 2016ರ ರೇರಾ ಕಾಯಿದೆಯ 14ನೇ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷವನ್ನೋ ಕೆಲಸದ ದೋಷವನ್ನೋ ತಿಳಿಸಿದರೆ ಕಟ್ಟಿದವರು 30 ದಿನದೊಳಗೆ ತಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಬರಹದಲ್ಲಿ ತಿಳಿಸಬೇಕು, ಫೋಟೊ ಇರಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯಲ್ಲಿ ಸೂರು, ಕಾರಿಡಾರು, ಮೆಟ್ಟಿಲುಗಳು ಎಲ್ಲರ ಸಾಮಾನ್ಯ ಭಾಗ. ಮೇಲಂತಸ್ತಿನವರ ಸೂರು ಸೋರಿದರೆ ಅದು ಅವರೊಬ್ಬರ ತಲೆನೋವು ಎಂದು ಕೆಳಗಿನವರು ಹೇಳುವ ಹಾಗಿಲ್ಲ.

• ವಠಾರದಲ್ಲಿ ಒಬ್ಬರ ನೆಲ ಇನ್ನೊಬ್ಬರ ಸೂರು. ಮನೆ ನೋಡಲು ಬರುವವರು ಅಡುಗೆಮನೆಯ ಕಟ್ಟೆ ನೋಡುತ್ತಾರೆ, ನಲ್ಲಿ ತಿರುಗಿಸಿ ನೋಡುತ್ತಾರೆ, ಕಂಬಿ ಯಾವ ಮಟ್ಟದಲ್ಲಿದೆ ಎಂದು ಯಾರೂ ನೋಡಲಾರರು. ನೋಡಲಾಗದ್ದನ್ನು ನೋಡಿಕೊಳ್ಳುವ ಹೊಣೆ ಕಟ್ಟಿಸಿದವರದು. ಬಾಡಿಗೆ ಪಡೆಯುವ ಹಕ್ಕು ಆ ಹೊಣೆಯ ಜತೆಯಲ್ಲೇ ಬರುತ್ತದೆ.

ಸೆಂಟ್ರಿಂಗ್ ಬಿಗಿಯುವ ಮೊದಲು ಮೇಸ್ತ್ರಿಯವರನ್ನು ಕೂರಿಸಿ, ಕಾಫಿ ಕೊಟ್ಟು, ಈ ಪಟ್ಟಿಯನ್ನು ಒಂದೊಂದಾಗಿ ಓದಿ ಹೇಳು. ಅವರಿಗೆ ಗೊತ್ತಿಲ್ಲದ್ದು ಇದರಲ್ಲಿ ಕಡಿಮೆಯೇ. ಮಾಲೀಕರು ಕೇಳುತ್ತಾರೆ ಎಂದು ಗೊತ್ತಾದರೆ ಮಾಡಿಯೇ ಮಾಡುತ್ತಾರೆ. ಮೋಲ್ಡ್ ಹಾಕುವ ತಾರೀಖು ಗೊತ್ತಾದ ಕೂಡಲೇ ಫೋನು ಮಾಡು, ಹಿಂದಿನ ಸಂಜೆ ಬಂದು ಕಂಬಿಯ ಕುರ್ಚಿಗಳನ್ನು ನಾನೂ ಒಮ್ಮೆ ನೋಡುತ್ತೇನೆ.

ಇಂತಿ ಆಶೀರ್ವಾದಗಳು,
ನಿನ್ನ ಅಪ್ಪ